ಸ್ವಾತಿಯ ಖಾನೆ

ಬೀರಿನಲ್ಲಿ ಸ್ವಾತಿ ಮಳೆಯ ಖಾನೆ ಖಾಲಿಯಾಗಿತ್ತು. ಖಾಲಿ ಇರುವುದೇ ಸರಿ, ಮಾಡಬೇಕಾದ್ದೆಲ್ಲ ಮುಗಿದು ಚೀಟಿಗಳು ಮುಂದಿನ ಖಾನೆಗಳಿಗೆ ಹೋಗಿವೆ ಎಂದು ಯಮುನ ತನಗೆ ತಾನೇ ಹೇಳಿಕೊಂಡು ಖಾನೆಯನ್ನು ಒಳಕ್ಕೆ ತಳ್ಳಿದಳು. ಬಾಗಿಲ ತನಕ ಹೋದವಳು ತಿರುಗಿ ಬಂದು ಮತ್ತೆ ಎಳೆದಳು. ಹಿಂದಿನ ಮೂಲೆಯಲ್ಲಿ ಒಂದು ಚೀಟಿ ಸಿಕ್ಕಿಕೊಂಡಿದ್ದರೆ? ಬೆರಳು ಹಾಕಿ ಮೂಲೆ ಸವರಿದಳು; ಮರದ ಹುಡಿ ಬಂತು, ಚೀಟಿ ಬರಲಿಲ್ಲ. ಆ ಬೆಳಗ್ಗೆ ಇದು ನಾಲ್ಕನೆಯ ಸಲ. ಸಾಮಾನು ಕೋಣೆಯ ಕಿಟಕಿಯಾಚೆ ಶನಿವಾರಸಂತೆಗೆ ಬರುವ ಗಾಡಿಗಳು ಸಾಲುಗಟ್ಟಿದ್ದವು, ಯಾರದೋ ಹೋರಿ ಶಾಲೆಯ ಬೇಲಿಗೆ ಮೈ ತಿಕ್ಕುತ್ತಿತ್ತು. ಶನಿವಾರ, ಅದರ ಮೇಲೆ ನವೆಂಬರ್ ಒಂದು. ರಾಜ್ಯ ಒಂದಾಗಿ ಎರಡು ವರ್ಷ ತುಂಬಿತೆಂದು ಬಾವುಟ, ಭಾಷಣ, ಲಾಡು. ಮಧ್ಯಾಹ್ನ ಮೂರಕ್ಕೆ ಸೋಮವಾರಪೇಟೆಯ ಹುಡುಗಿಯರ ಜೊತೆ ಹಾಕಿ ಪಂದ್ಯ. ಹೋದ ವರ್ಷವೂ ಇದೇ ದಿನ, ಇದೇ ಪಂದ್ಯ. ಹೋದ ವರ್ಷ ಗೋಲಿನಲ್ಲಿ ನಿಂತಿದ್ದ ಚೋಮಿಯ ಎಡಗಾಲು ಮುರಿದಿತ್ತು. ಇವತ್ತು ಚೋಮಿ ಮತ್ತೆ ಗೋಲಿನಲ್ಲಿ ನಿಲ್ಲುವವಳು. ಅವಳ ಕಾಲಿಗೆ ಕಟ್ಟುವ ಪ್ಯಾಡುಗಳು ಅವೇ, ಹೋದ ವರ್ಷದವೇ, ಮೇಜಿನ ಮೇಲೆ ಒಂದರ ಪಕ್ಕ ಒಂದು ಮಲಗಿದ್ದವು. ಯಮುನ ಅವುಗಳ ಕಡೆ ನೋಡಲಿಲ್ಲ.

ಡ್ರಿಲ್ ಟೀಚರೆಂದರೆ ಎದೆ ಮುಂದು ಮಾಡಿ ಸೀಟಿ ಊದುವವಳು ಎಂದು ಊರು ತಿಳಿದಿತ್ತು. ಯಮುನ ಊದುತ್ತಿದ್ದಳು. ಆದರೆ ಊದಿದ ಮೇಲೆ ಯಾಕೆ ಊದಿದೆನೆಂದು ಅವಳಿಗೆ ಒಂದು ಗಳಿಗೆ ನೆನಪಾಗುತ್ತಿರಲಿಲ್ಲ. ಚಿಕ್ಕಂದಿನಿಂದ ಹಾಗೆ. ಭಾಗಮಂಡಲದ ಕಡೆಯ ತಮ್ಮ ಮನೆಯಲ್ಲಿ ಹಾಲು ಉಕ್ಕಿಸಿದವಳು ಅವಳು, ಕರುವಿನ ಹಗ್ಗ ಬಿಚ್ಚಿಟ್ಟು ಮರೆತವಳು ಅವಳು, ಅಜ್ಜ ತೀರಿಕೊಂಡ ಸುದ್ದಿಯನ್ನು ಹೇಳಿಬರಲು ಪಕ್ಕದ ಮನೆಗೆ ಹೋಗಿ ಅಲ್ಲಿ ಹಲಸಿನ ಹಪ್ಪಳ ತಿಂದು ಸುಮ್ಮನೆ ಬಂದವಳೂ ಅವಳೇ. ಮನೆಯವರು ಅದನ್ನು ಹೇಳಿ ಹೇಳಿ ನಗುತ್ತಿದ್ದರು, ಅವಳೂ ನಗುತ್ತಿದ್ದಳು. ಮರೆವು ಎಂಬುದು ನಗುವ ವಿಷಯವಲ್ಲ, ಅದಕ್ಕೂ ಒಂದು ಸದ್ದಿದೆ, ಒಣ ಕಡ್ಡಿ ಮುರಿದಂಥ ಸದ್ದು ಎಂದು ಇಪ್ಪತ್ತಾರನೆಯ ವಯಸ್ಸಿನಲ್ಲಿ, ಮೈದಾನದ ಅಂಚಿನಲ್ಲಿ ಸೀಟಿ ಹಿಡಿದು ನಿಂತಿದ್ದಾಗ ಗೊತ್ತಾಯಿತು. ಎಡಗಾಲಿನ ಪ್ಯಾಡಿನ ಕೆಳಗಿನ ಪಟ್ಟಿ ತುಂಡಾಗಿ ಪ್ಯಾಡು ಪಕ್ಕಕ್ಕೆ ತಿರುಗಿತು, ಮರುಕ್ಷಣ ಚೆಂಡು ಬಂದು ಬರಿಯ ಕಾಲಿಗೆ ಬಡಿಯಿತು. ಚೋಮಿ ಅಳಲಿಲ್ಲ. ಬಗ್ಗಿ ತನ್ನ ಕಾಲನ್ನು ನೋಡಿ, ಆಮೇಲೆ ತಲೆಯೆತ್ತಿ ಟೀಚರನ್ನು ನೋಡಿದಳು. ಏನು ಮಾಡಬೇಕು ಟೀಚರ್ ಎಂದು ಪಾಠದಲ್ಲಿ ತಿಳಿಯದ್ದನ್ನು ಕೇಳುವಾಗ ನೋಡುವ ಹಾಗೆ.

ಪಟ್ಟಿ ಹಳೆಯದಾಗಿತ್ತು ಎಂದು ಹೆಡ್‌ಮಾಸ್ಟರ್ ಸಾಂತಪ್ಪನವರು ವರದಿ ಬರೆದರು. ಯಮುನ ಅದರ ಕೆಳಗೆ ರುಜು ಹಾಕಿದಳು. ಪಟ್ಟಿ ಹಳೆಯದೇನೂ ಆಗಿರಲಿಲ್ಲ. ಆ ಮಳೆಗಾಲ ಸಾಮಾನು ಕೋಣೆ ಸೋರುತ್ತದೆಂದು, ಚರ್ಮಕ್ಕೆ ಬೂಷ್ಟು ಹಿಡಿಯುತ್ತದೆಂದು, ಜವಾಬ್ದಾರಿಯ ಟೀಚರಾಗಿ ಅವಳು ಪ್ಯಾಡುಗಳನ್ನು ಮನೆಗೆ ಹೊತ್ತು ತಂದಿದ್ದಳು. ಅವಳ ಜೊತೆ ಈ ಊರಿಗೆ ಬಂದಿದ್ದ ಅವ್ವ ಪೊನ್ನಮ್ಮ ಒಂದು ಮಾತು ಕೇಳದೆ ಅವನ್ನು ಒಲೆಯ ಮೇಲಿನ ಅಟ್ಟದಲ್ಲಿ, ಹಲಸಿನ ಬೀಜದ ಕುಕ್ಕೆಯ ಪಕ್ಕ ನೇತುಹಾಕಿದ್ದಳು. "ಹೊಗೆಲಿ ಇಟ್ಟದ್ ಯಾವಾಗ ಕೆಟ್ಟುಟ್ಟು ಗೂಡೆ?" ಎಂದಿದ್ದಳು, ಹೊಗೆಯಲ್ಲಿಟ್ಟದ್ದು ಎಂದಾದರೂ ಕೆಟ್ಟದ್ದುಂಟೆ ಹುಡುಗಿ ಎಂದು. ನಿಜ, ಈ ಸೀಮೆಯಲ್ಲಿ ಮಳೆಗಾಲ ದಾಟಿಸಬೇಕಾದ ಎಲ್ಲವನ್ನೂ ಜನ ಹೊಗೆಗೇ ಒಪ್ಪಿಸುತ್ತಾರೆ: ಬೀಜ, ಬುಟ್ಟಿ, ಬಿದಿರು, ಮಾಂಸ. ಹದಿನೈದು ದಿನಕ್ಕೊಮ್ಮೆ ಇಳಿಸಿ ಎಣ್ಣೆ ಹಚ್ಚಬೇಕು ಎಂದು ಯಮುನ ಮನಸ್ಸಿನಲ್ಲಿ ಬರೆದುಕೊಂಡಿದ್ದಳು. ಮನಸ್ಸಿನಲ್ಲಿ ಬರೆದುಕೊಳ್ಳುವುದಕ್ಕಿಂತ ನೀರಿನಲ್ಲಿ ಬರೆಯುವುದು ಮೇಲು. ಅಕ್ಟೋಬರ್ ಕೊನೆಯಲ್ಲಿ ನೆನಪಾಗಿ ಇಳಿಸಿದಾಗ ಪ್ಯಾಡಿನ ಮೇಲೆ ಒಂದು ಚುಕ್ಕೆ ಬೂಷ್ಟಿರಲಿಲ್ಲ, ಒರೆಸಿದರೆ ಹೊಸದರಂತೆ ಕಂದುಬಣ್ಣಕ್ಕೆ ಹೊಳೆಯಿತು. ಅವಳಿಗೆ ಎಷ್ಟು ಹೆಮ್ಮೆಯಾಗಿತ್ತು! ಮೂರು ತಿಂಗಳ ಹೊಗೆ, ಮೂರು ತಿಂಗಳ ಶಾಖ ಚರ್ಮದ ಒಳಗಿನ ಜೀವವನ್ನೆಲ್ಲ ಹೀರಿ ಹಪ್ಪಳ ಮಾಡಿಟ್ಟಿದೆ ಎಂದು ಹೊರಗಿನಿಂದ ಯಾರಿಗೆ ಕಾಣಬೇಕು? ಅಟ್ಟದ ವಿಷಯ ಅವ್ವನಿಗೆ ಗೊತ್ತು, ಅವಳಿಗೆ ಗೊತ್ತು. ಮೂರನೆಯವರಿಗೆ ಹೇಳಲಿಲ್ಲ. ಹೇಳದೆ ಕಳೆದ ಒಂದೊಂದು ದಿನವೂ ಮರುದಿನ ಹೇಳುವುದನ್ನು ಇನ್ನಷ್ಟು ಕಷ್ಟ ಮಾಡಿತು.

ಈ ಬೀರು ಬಂದದ್ದು ಆಮೇಲೆ. ಕೊಡಗು ಮೈಸೂರಿಗೆ ಸೇರಿದ ಮೇಲೆ ಮಡಿಕೇರಿಯ ಯಾವುದೋ ಕಚೇರಿಯಲ್ಲಿ ಕೆಲಸವಿಲ್ಲದೆ ಕುಳಿತಿದ್ದ ಮೂವತ್ತು ಪುಟ್ಟ ಖಾನೆಗಳ ತೇಗದ ಬೀರು. ಶಾಲೆಗೆ ಬೆಂಚು ಕೊಡಿ ಎಂದು ಬರೆದರೆ ಇದನ್ನು ಕಳಿಸಿದರು. ಸಾಂತಪ್ಪನವರು ಅದರಲ್ಲಿ ಸೀಮೆಸುಣ್ಣ ತುಂಬುವವರಿದ್ದರು. ಯಮುನ ಕೇಳಿ ಪಡೆದಳು. ಯಾಕೆಂದು ಅವರು ಕೇಳಿದರು. ನನ್ನ ತಲೆಯ ಬದಲಿಗೆ ಎಂದು ಹೇಳಲಾಗುತ್ತದೆಯೆ? ರಟ್ಟು ಕತ್ತರಿಸಿ ಒಂದೊಂದು ಸಾಮಾನಿಗೆ ಒಂದೊಂದು ಚೀಟಿ ಮಾಡಿದಳು. ಇಪ್ಪತ್ತೆರಡು ಹಾಕಿ ಕೋಲಿಗೆ ಇಪ್ಪತ್ತೆರಡು, ಚೆಂಡಿಗೆ, ಬಲೆಗೆ, ವಾಲಿಬಾಲಿನ ಬ್ಲಾಡರಿಗೆ, ಪ್ಯಾಡಿನ ಎಂಟು ಪಟ್ಟಿಗಳಿಗೆ ಎಂಟು. ಕೋಲಿಗೆ ಅಗಸೆ ಎಣ್ಣೆ, ಪಟ್ಟಿಗೆ ಹರಳೆಣ್ಣೆ, ಹಿಡಿಯ ದಾರ ಬಿಚ್ಚಿದೆಯೆ ನೋಡು, ಹೊಲಿಗೆ ಎಳೆದು ನೋಡು. ಒಂದೊಂದು ಖಾನೆಗೆ ತಿಂಗಳ ಒಂದೊಂದು ತಾರೀಕು. ಚೀಟಿ ಇರುವ ಖಾನೆಯ ತಾರೀಕು ಬಂದಾಗ ತೆಗೆಯಬೇಕು, ಕೆಲಸ ಮಾಡಬೇಕು, ಮತ್ತೆ ಎಂದು ಮಾಡಬೇಕೋ ಆ ಖಾನೆಗೆ ಚೀಟಿಯನ್ನು ಹಾಕಬೇಕು. ನೆನಪಿಡುವ ಕೆಲಸ ಬೀರಿನದು. ಅವಳದು ದಿನಾ ಬೆಳಗ್ಗೆ ಬಂದು ಖಾನೆ ಎಳೆಯುವುದಷ್ಟೆ. ಅಷ್ಟನ್ನೂ ಮರೆತರೆ ಎಂದು ಮೊದಲ ತಿಂಗಳು ಸೆರಗಿಗೆ ಗಂಟು ಹಾಕಿಕೊಂಡು ಮಲಗುತ್ತಿದ್ದಳು.

ಸಾಮಾನಿನ ಜೊತೆ ಉತ್ತರದೇಶದ ಕಂಪನಿಯೊಂದರಿಂದ ಬಂದ ಹಾಳೆಯಲ್ಲಿ ಚರ್ಮಕ್ಕೆ ತಿಂಗಳಿಗೊಮ್ಮೆ ಎಣ್ಣೆ ಎಂದು ಅಚ್ಚಾಗಿತ್ತು. ಅಚ್ಚಾದದ್ದು ಸುಳ್ಳಾಗುತ್ತದೆಯೆ? ಫೆಬ್ರವರಿಯಲ್ಲಿ ಸಂತೆಗೆ ಬಂದಿದ್ದ ಮೋಚಿ ಕೆಂಪಣ್ಣನಿಂದ ಎಂಟೂ ಪಟ್ಟಿಗಳನ್ನು ಹೊಸದಾಗಿ ಹೊಲಿಸಿ, ತಿಂಗಳ ಒಂದನೇ ತಾರೀಕು ತಪ್ಪದೆ ಎಣ್ಣೆ ತಿಕ್ಕಿದಳು. ಮಾರ್ಚಿ, ಏಪ್ರಿಲ್, ಮೇ, ಜೂನ್. ತಪ್ಪಲಿಲ್ಲ, ಒಂದೂ ತಪ್ಪಲಿಲ್ಲ. ಜುಲೈ ಒಂದಕ್ಕೂ ಹಚ್ಚಿದಳು. ಹನ್ನೆರಡನೇ ತಾರೀಕು ಏನೋ ವಾಸನೆಯೆಂದು ಗೋಣಿ ಸರಿಸಿದರೆ ಪ್ಯಾಡುಗಳ ಮೇಲೆ ಬೂಷ್ಟು ಹಸಿರು ಮುಖಮಲ್ಲಿನಂತೆ ಎದ್ದು ನಿಂತಿತ್ತು, ಪಟ್ಟಿಗಳು ಕೆಸುವಿನ ದಂಟಿನ ಹಾಗೆ ಮೆತ್ತಗಾಗಿದ್ದವು. ಚೀಟಿಗಳೆಲ್ಲ ಆಗಸ್ಟನ್ನು ಕಾಯುತ್ತಾ ಒಂದನೇ ತಾರೀಕಿನ ಖಾನೆಯಲ್ಲಿ ನಿಶ್ಚಿಂತೆಯಿಂದ ಕೂತಿದ್ದವು. ಅವಳು ಅಲ್ಲೇ ನೆಲದ ಮೇಲೆ ಕೂತು ಅತ್ತಳು. ಮರೆತು ಕೆಡಿಸಿದ್ದಕ್ಕೆ ಅಳುವುದು ಒಂದು. ನೆನಪಿಟ್ಟೂ ಕೆಡಿಸಿದ್ದಕ್ಕೆ ಏನು ಮಾಡುವುದು? ಸಾಂತಪ್ಪನವರು ಬಾಗಿಲಲ್ಲಿ ನಿಂತು, "ಹೋಗ್ಲಿ ಬಿಡ್ರಿ, ಚರ್ಮದ ಹಣೆಬರಹ ಅದು, ನೀವೇನ್ ಮಾಡಕ್ಕಾಗುತ್ತೆ" ಎಂದದ್ದು ಅವಳಿಗೆ ಬೈಗುಳಕ್ಕಿಂತ ಕೆಟ್ಟದ್ದಾಗಿ ಕೇಳಿಸಿತು.

ಪಟ್ಟಿಗಳನ್ನು ಮತ್ತೆ ಹೊಸದಾಗಿ ಹಾಕಿಸಲು ಈ ಸಲ ಕೆಂಪಣ್ಣನ ಮನೆಗೇ ಹೋಗಬೇಕಾಯಿತು. ಕೆಂಪಣ್ಣನ ಮನೆಯ ಒತ್ತಿಗೇ ಚೋಮಿಯ ಮನೆ. ಎಂಟು ತಿಂಗಳಿನಿಂದ ಯಮುನ ಆ ದಾರಿಯನ್ನು ತಪ್ಪಿಸಿ ಓಡಾಡುತ್ತಿದ್ದಳು. ಕಾಲು ಮುರಿದ ಮೊದಲ ವಾರ ಒಮ್ಮೆ ಹೋಗಿದ್ದಳು. ನಾಟಿವೈದ್ಯ ಬಿದಿರಿನ ದಬ್ಬೆ ಕಟ್ಟಿ, ಮೊಟ್ಟೆಯ ಬಿಳಿ ಬಳಿದಿದ್ದ ಕಾಲನ್ನು ಚಾಚಿಕೊಂಡು ಚೋಮಿ ಜಗಲಿಯಲ್ಲಿ ಕೂತಿದ್ದಳು. ಅವಳ ತಾಯಿ ದೊಡ್ಡಿ ಒಳಗಿನಿಂದ ಒಂದು ಚೆಂಬು ನೀರು ತಂದಿಟ್ಟು ಹಿತ್ತಿಲಿಗೆ ಹೋದವಳು ಯಮುನ ಎದ್ದು ಹೊರಡುವ ತನಕ ಬರಲೇ ಇಲ್ಲ. ಅಂಥ ದೊಡ್ಡಿ ಆ ಶನಿವಾರ ನಾಟಿ ಮುಗಿಸಿ, ಮಳೆಗೆ ಎಲೆಯ ಗೊರಬೆ ಹೊತ್ತು, ಮೊಣಕಾಲ ತನಕ ಕೆಸರಿನಲ್ಲಿ ಎದುರಿಗೇ ಬಂದಳು. ಕೆಂಪಣ್ಣನ ಕೈಯಲ್ಲಿದ್ದ ಪ್ಯಾಡನ್ನು ನೋಡಿದಳು, ಟೀಚರನ್ನು ನೋಡಿದಳು. ನೀರು ಸುರಿಯುತ್ತಲೇ ಇತ್ತು.

"ಎಷ್ಟು ದಿನಕ್ಕೆ ಒರೆಸ್ತೀರಿ?" ಎಂದಳು.

"ತಿಂಗಳಿಗೊಂದು ಸಲ ಎಣ್ಣೆ ಹಚ್ತೇನೆ. ಒಂದನೇ ತಾರೀಕು. ತಪ್ಪಿಸಿಲ್ಲ ದೊಡ್ಡಿ, ದೇವರಾಣೆಗೂ ತಪ್ಪಿಸಿಲ್ಲ."

"ಚರ್ಮಕ್ಕೆ ತಾರೀಕು ಎಲ್ಲಿ ಗೊತ್ತಾಯ್ತದೆ ಟೀಚರಮ್ಮ? ಅದಕ್ಕೆ ಮಳೆ ಗೊತ್ತಾಯ್ತದೆ. ಆರಿದ್ರ ಹಿಡೀತು ಅಂದ್ರೆ ಪಾದಕ್ಕೊಂದ್ಸಲ ಒರೆಸ್ಬೇಕು, ಗಾಳಿಗೆ ಹಾಕ್ಬೇಕು. ನೊಗದ ತೊಗಲು ಮಿಣೀನ ನಾವು ತಿಂಗಳು ಕಾದು ನೋಡ್ತೀವಾ?" ಎಂದು ಹೇಳಿ ದೊಡ್ಡಿ ಒಳಗೆ ಹೋಗಿಬಿಟ್ಟಳು. ಕೆಂಪಣ್ಣ ಮೂಗಿನಲ್ಲೇ ನಕ್ಕ. ಆಗಲೇ ಹೇಳಿಬಿಡಬೇಕಿತ್ತು, ಅಟ್ಟದ ವಿಷಯ. ಬಾಗಿಲು ತೆರೆದೇ ಇತ್ತು, ನಾಲ್ಕು ಹೆಜ್ಜೆ. ಯಮುನ ಕೊಡೆಯ ಕೆಳಗೆ ಸ್ವಲ್ಪ ಹೊತ್ತು ನಿಂತು ಮನೆಗೆ ಬಂದಳು.

ಮನೆಗೆ ಬಂದವಳೇ ಪಂಚಾಂಗ ಇಳಿಸಿದಳು. ಮಳೆಯ ನಕ್ಷತ್ರಗಳು ಇಪ್ಪತ್ತೇಳು, ಖಾನೆಗಳು ಮೂವತ್ತು. ಒಂದೊಂದು ಮಳೆಗೆ ನಾಲ್ಕು ಪಾದ, ಪಾದಕ್ಕೆ ಮೂರೂಚಿಲ್ಲರೆ ದಿನ. ಸೋಮವಾರ ಶಾಲೆಗೆ ಹೋಗಿ ಖಾನೆಗಳ ಮೇಲಿನ ತಾರೀಕುಗಳನ್ನೆಲ್ಲ ಕೆರೆದು ತೆಗೆದು ಹೊಸ ಹೆಸರು ಅಂಟಿಸಿದಳು: ಮೃಗಶಿರ, ಆರಿದ್ರ, ಪುನರ್ವಸು, ಪುಷ್ಯ, ಆಶ್ಲೇಷ, ಮಘೆ, ಹುಬ್ಬೆ. ಸುರಿಯುವ ಮಳೆಗಳ ಖಾನೆಯೊಳಗೆ ರಟ್ಟಿನ ಅಡ್ಡಗೋಡೆ ಇಟ್ಟು ನಾಲ್ಕು ಪಾಲು ಮಾಡಿದಳು. ಈಗ ಚೀಟಿಗಳು ಮಳೆಯ ಜೊತೆ ನಡೆಯತೊಡಗಿದವು. ಪುಷ್ಯದಲ್ಲಿ ಮೂರು ದಿನಕ್ಕೊಮ್ಮೆ ಕೈಗೆ ಬಂದು ಒರೆಸು ಎಂದವು, ಹುಬ್ಬೆಗೆ ಬಿಡುವು ಕೊಟ್ಟವು, ಹಸ್ತ ಕಳೆದ ಮೇಲೆ ಮಳೆಗೊಂದು ಸಲ ಸಾಕು ಎಂದವು. ಹಿಂದೆ ಅವಳು ಮರೆವಿನ ವಿರುದ್ಧ ಒಬ್ಬಳೇ ಹೋರಾಡುತ್ತಿದ್ದಳು. ಈಗ ಇಡೀ ಆಕಾಶವೇ ಅವಳ ಕಡೆ ಸೇರಿದ ಹಾಗಾಯಿತು. ಗುಡುಗಿದರೆ ಬೀರು ನೆನಪಾಗುತ್ತಿತ್ತು. ಸಂತೆಯಲ್ಲಿ ಹೆಂಗಸರು "ನಾಳಿಂದ ಮಘೆ" ಎಂದರೆ ಸಾಕು, ಅವಳ ಕೈಗೆ ಹರಳೆಣ್ಣೆಯ ವಾಸನೆ ಬರುತ್ತಿತ್ತು. ಸಾಂತಪ್ಪನವರು ಮಾಸ್ತರರ ಕೋಣೆಯಲ್ಲಿ ಎಲ್ಲರೆದುರು, "ಏನ್ರೀ ಯಮುನ, ಹಾಕಿ ಕೋಲಿಗೂ ಜಾತಕ ಬರೆಸಿದ್ದೀರಂತೆ? ನಮ್ಮ ಮೇಜಿಗೂ ಒಂದು ಗ್ರಹಶಾಂತಿ ಮಾಡ್ಸಿ, ಕಾಲು ಅಲ್ಲಾಡ್ತದೆ" ಎಂದರು. ಎಲ್ಲರೂ ನಕ್ಕರು. ಅವಳ ಕಿವಿ ಕೆಂಪಾಯಿತು; ಆದರೆ ಆಶ್ಲೇಷದ ಎರಡನೇ ಪಾದವಿತ್ತು, ಎದ್ದು ಹೋಗಿ ಪಟ್ಟಿ ಒರೆಸಿದಳು.

ಆಗಸ್ಟಿನಲ್ಲಿ ಚೋಮಿ ತಾನಾಗಿಯೇ ಮೈದಾನಕ್ಕೆ ಬಂದಳು. ಮೊದಲು ಅಂಚಿನಲ್ಲಿ ನಿಂತಳು, ಆಮೇಲೆ ಹೊರಗೆ ಹೋದ ಚೆಂಡು ತಂದುಕೊಟ್ಟಳು, ಒಂದು ದಿನ ಗೋಲಿನ ಎರಡು ಕಲ್ಲಿನ ನಡುವೆ ಹೋಗಿ ನಿಂತೇಬಿಟ್ಟಳು. ಬೇಡ ಎನ್ನುವ ಧೈರ್ಯ ಯಮುನಳಿಗಾಗಲಿಲ್ಲ, ಆಡು ಎನ್ನುವ ಧೈರ್ಯವೂ ಆಗಲಿಲ್ಲ. ಕಲಿಯುವಾಗ ಕಾಲಿಗೆ ಗೋಣಿ ಸುತ್ತಿಕೊಳ್ಳಲು ಹೇಳಿ ಮೆತ್ತನೆ ಚೆಂಡಿನಲ್ಲಿ ಆಡಿಸಿದಳು. ಪಂದ್ಯದ ವಿಷಯ ಬಂದಾಗ ದೊಡ್ಡಿ ಮಗಳ ಕೈಯಲ್ಲೇ ಉತ್ತರ ಕಳಿಸಿದಳು. ಚೋಮಿ ತಾಯಿಯ ದನಿಯನ್ನೇ ಹಾಕಿಕೊಂಡು ಒಪ್ಪಿಸಿದಳು: "ಕಟ್ಟೋಕೆ ಮುಂಚೆ ಎಂಟು ಪಟ್ಟೀನೂ ನಾನೇ ಎಳೆದು ನೋಡ್ತೀನಿ. ಒಂದು ಕಿತ್ತು ಬಂದ್ರೂ ಮಗಳನ್ನ ಅಲ್ಲಿಂದ್ಲೇ ಕರ್ಕೊಂಡ್ ಹೋಯ್ತೀನಿ, ಆಮೇಲೆ ಸ್ಕೂಲಿಗೂ ಕಳ್ಸಲ್ಲ. ಹಂಗಂದ್ಲು ಟೀಚರ್ ನಮ್ಮವ್ವ." ಆಮೇಲೆ ತನ್ನ ದನಿಯಲ್ಲಿ, "ಕಿತ್ತು ಬರಲ್ಲ ಅಲ್ವಾ?" ಎಂದು ಕೇಳಿದಳು.

ಪಂದ್ಯದ ದಿನ ಎರಡೂವರೆಗೆ ಮೈದಾನದ ಸುತ್ತ ಸಂತೆಯ ಅರ್ಧ ಜನ ಬಂದು ನಿಂತಿತ್ತು. ತಲೆಯ ಮೇಲೆ ಬುಟ್ಟಿ, ಬಗಲಲ್ಲಿ ಕೋಳಿ. ಯಮುನ ಪ್ಯಾಡುಗಳನ್ನು ಎದೆಗೆ ಅವಚಿಕೊಂಡು ಬಂದಾಗ ಸಾಂತಪ್ಪನವರು ಪೆಂಡಾಲಿನಿಂದ ಓಡಿ ಬಂದರು. ಅವರ ಕೈಯಲ್ಲಿ ಬೆಳ್ಳಗೆ ಫಳಫಳ ಹೊಳೆಯುವ ಹೊಸ ಪ್ಯಾಡುಗಳಿದ್ದವು. ಮುಖ್ಯ ಅತಿಥಿಗಳಾಗಿ ಬಂದಿದ್ದ ಎಸ್ಟೇಟಿನ ನಾಣಯ್ಯನವರು ಆ ಬೆಳಗ್ಗೆಯಷ್ಟೆ ಉಡುಗೊರೆಯಾಗಿ ತಂದವು, ಇನ್ನೂ ಕಾಗದದ ವಾಸನೆ ಹೋಗಿರಲಿಲ್ಲ. "ಇವನ್ನ ಕಟ್ರಿ, ಅವರು ನೋಡ್ತಾ ಇದ್ದಾರೆ. ಆ ಹಳೇದನ್ನ ಒಳಗಿಡಿ, ಹೋದ ವರ್ಷದ ರಾಮಾಯಣ ಸಾಕು" ಎಂದರು. ಯಮುನಳಿಗೆ ಒಂದು ಕ್ಷಣ ಎಷ್ಟು ಹಗುರಾಯಿತೆಂದರೆ ಅವಳಿಗೇ ನಾಚಿಕೆಯಾಯಿತು. ಇವನ್ನು ಕಟ್ಟಿದರಾಯಿತು. ಕಿತ್ತರೆ ಕಂಪನಿಯ ತಪ್ಪು, ನಾಣಯ್ಯನವರ ತಪ್ಪು, ಹೆಡ್‌ಮಾಸ್ಟರರ ತಪ್ಪು. ಒಂದು ವರ್ಷದಿಂದ ಅವಳು ಬೇಡಿಕೊಂಡದ್ದು ಇದನ್ನೇ ಅಲ್ಲವೆ, ಇದು ನನ್ನ ಕೈಯಲ್ಲಿಲ್ಲ ಎಂದು ಹೇಳುವ ಅವಕಾಶವನ್ನು? ಕೈ ಚಾಚಿ ಹೊಸ ಪ್ಯಾಡಿನ ಪಟ್ಟಿಯನ್ನು ಮುಟ್ಟಿದಳು. ಬೆರಳಿಗೆ ಅದು ಏನನ್ನೂ ಹೇಳಲಿಲ್ಲ. ಎದೆಗೆ ಅವಚಿದ್ದ ಹಳೆಯ ಪಟ್ಟಿಗಳು ಒಂದೊಂದೂ ಅವಳಿಗೆ ಗೊತ್ತಿದ್ದವು. ಮೂರನೆಯದರ ಬಕಲ್ಲು ಸ್ವಲ್ಪ ಎಡಕ್ಕೆ ವಾಲುತ್ತದೆ, ಆರನೆಯದು ಮಘೆಯಲ್ಲಿ ಬಿಗಿದು ಹುಬ್ಬೆಯಲ್ಲಿ ಸಡಿಲಾಗಿ ಈಗ ಹದಕ್ಕೆ ಬಂದಿದೆ.

"ಇಲ್ಲ ಸಾರ್," ಎಂದಳು. "ಹಳೇದನ್ನೇ ಕಟ್ತೇನೆ."

"ಏನ್ರೀ, ನಿಮಗೆ ತಲೆ ನೆಟ್ಟಗಿದೆಯಾ?"

"ಇಲ್ಲ ಸಾರ್. ಅದಕ್ಕೇ ಬೀರು ಇಟ್ಟಿರೋದು."

ಅಷ್ಟರಲ್ಲಿ ದೊಡ್ಡಿ ಜನರ ನಡುವಿನಿಂದ ಬಂದಳು. ಒಗೆದ ಸೀರೆ, ತಲೆಗೆ ಎಣ್ಣೆ, ಸೊಂಟಕ್ಕೆ ಸಿಕ್ಕಿಸಿದ ಸೆರಗು. ಹಿಂದೆ ಚೋಮಿ, ಲಂಗ ಎತ್ತಿ ಕಟ್ಟಿ, ಆಗಲೇ ಕಾಲು ಕುಣಿಸುತ್ತಾ. ಯಮುನ ಪ್ಯಾಡುಗಳನ್ನು ಹುಲ್ಲಿನ ಮೇಲಿಟ್ಟಳು. ದೊಡ್ಡಿ ಕುಕ್ಕರಗಾಲಿನಲ್ಲಿ ಕೂತು ಮೊದಲ ಪಟ್ಟಿಗೆ ಕೈ ಹಾಕಿದಳು. ಈಗ ಹೇಳದಿದ್ದರೆ, ಪಟ್ಟಿ ತಡೆದ ಮೇಲೆ ಹೇಳಿದರೆ, ಅದಕ್ಕೆ ಅರ್ಥವಿಲ್ಲ ಎಂದು ಯಮುನಳಿಗೆ ಥಟ್ಟನೆ ಅನ್ನಿಸಿತು. ಅವಳೂ ಕೂತಳು.

"ದೊಡ್ಡಿ, ಸ್ವಲ್ಪ ತಡೀರಿ. ಹೋದ ವರ್ಷ ಪಟ್ಟಿ ಹಳೇದಾಗಿರಲಿಲ್ಲ. ವರದಿ ಸುಳ್ಳು. ಪ್ಯಾಡನ್ನ ನಾನು ಮನೆಗೆ ಒಯ್ದು ಒಲೆ ಮೇಲಿನ ಅಟ್ಟದಲ್ಲಿ ಹಾಕಿಸಿದ್ದೆ. ಇಳಿಸಿ ಎಣ್ಣೆ ಹಚ್ಚೋದನ್ನ ಮರೆತೆ. ನಿಮ್ಮ ಮಗಳ ಕಾಲು ಮುರಿದದ್ದು ನನ್ನಿಂದ."

ನೀನು ಎಂದು ಕರೆಯುತ್ತಿದ್ದ ಹೆಂಗಸನ್ನು ನೀವು ಎಂದೆ ಎಂಬುದು ಹೇಳಿದ ಮೇಲೆಯೇ ಅವಳಿಗೆ ಗೊತ್ತಾಯಿತು. ಸಾಂತಪ್ಪನವರು ಕೆಮ್ಮಿದರು. ದೊಡ್ಡಿ ತಲೆಯೆತ್ತಲಿಲ್ಲ, ಪಟ್ಟಿಯನ್ನು ಅಂಗೈಗೆ ಎರಡು ಸುತ್ತು ಸುತ್ತಿಕೊಳ್ಳುತ್ತಿದ್ದಳು.

"ಗೊತ್ತು," ಎಂದಳು.

"ಗೊತ್ತಿತ್ತಾ?"

"ಅವತ್ತು ಕಾಲಿಂದ ಬಿಚ್ಚಿದವಳು ನಾನಲ್ವಾ. ಹೊಗೆ ವಾಸನೆ ಹೊಡೀತಿತ್ತು. ನಮ್ಮನೇಲೂ ಅಟ್ಟ ಐತೆ ಟೀಚರಮ್ಮ, ನಾನೂ ಒಂದ್ಸಲ ಮಿಣಿ ಅಲ್ಲಿ ಹಾಕಿ ಸುಟ್ಕೊಂಡಿದ್ದೆ. ನೀವು ಯಾವತ್ತು ಹೇಳ್ತೀರಿ ಅಂತ ನೋಡ್ತಿದ್ದೆ." ಪಟ್ಟಿಯನ್ನು ಬಿಗಿಯಾಗಿ ಹಿಡಿದು, "ಸರಿ, ಸ್ವಲ್ಪ ಅತ್ಲಾಗೆ ಸರೀರಿ" ಎಂದಳು.

ಪ್ಯಾಡಿನ ಮೇಲೆ ಕಾಲಿಟ್ಟು, ಬೆನ್ನು ಹಿಂದಕ್ಕೆ ಬಾಗಿಸಿ, ಮೂವತ್ತು ವರ್ಷ ಸಸಿ ಕಿತ್ತ, ಸೌದೆ ಹೊತ್ತ ಎರಡೂ ಕೈಗಳಿಂದ ದೊಡ್ಡಿ ಎಳೆದಳು. ಅವಳ ಕುತ್ತಿಗೆಯ ನರ ಉಬ್ಬಿತು. ಪಟ್ಟಿ ಒಂದು ಸಲ ಕಿರ್ ಎಂದಿತು, ಅಷ್ಟೆ. ಎರಡನೆಯದು. ಮೂರನೆಯದರ ಬಕಲ್ಲು ಎಡಕ್ಕೆ ವಾಲಿ ನಿಂತಿತು. ಜನ ಹತ್ತಿರ ಸರಿಯಿತು, ಬಗಲ ಕೋಳಿಗಳೂ ಕತ್ತು ಚಾಚಿದವು. ನಾಲ್ಕು, ಐದು. ಯಾರೋ "ಎಳೀ ದೊಡ್ಡಿ!" ಎಂದು ಕೂಗಿದರು, ಅವಳ ಕಡೆಯವರೋ ಪಟ್ಟಿಯ ಕಡೆಯವರೋ ತಿಳಿಯಲಿಲ್ಲ. ಯಮುನ ಕಣ್ಣು ಮುಚ್ಚಲಿಲ್ಲ. ಹೋದ ವರ್ಷ ಮುರಿದದ್ದು ಏಳನೆಯದು. ದೊಡ್ಡಿ ಅದನ್ನು ಎಳೆಯುವ ಮೊದಲು ಅಂಗೈಗೆ ಉಗುಳಿಕೊಂಡು ಉಜ್ಜಿದಳು. ಮೊದಲ ಸಲ ಎಳೆದಳು, ಸಾಲದೆ ಜಗ್ಗಿ ಎರಡನೇ ಸಲ ಎಳೆದಳು, ಮೂರನೇ ಸಲ ಎಳೆಯಲು ಹೋಗಿ ಕೈ ಜಾರಿ ಹುಲ್ಲಿನ ಮೇಲೆ ಕುಂಡಿಯೂರಿ ಕೂತುಬಿಟ್ಟಳು. ಪಟ್ಟಿ ಹಾಗೇ ಇತ್ತು. ಮೈದಾನವೆಲ್ಲ ನಕ್ಕಿತು, ದೊಡ್ಡಿಯೂ ನಕ್ಕಳು. ಎಂಟನೆಯದನ್ನು ಕೂತಲ್ಲಿಂದಲೇ ಎಳೆದು ಮುಗಿಸಿದಳು.

"ಅಮ್ಮಾ, ಹೊಸದೂ ಇದೆ ನೋಡಿ," ಎಂದು ಸಾಂತಪ್ಪನವರು ಬೆಳ್ಳಗಿನ ಪ್ಯಾಡನ್ನು ಮುಂದೆ ಹಿಡಿದರು.

"ಅದು ಇನ್ನೂ ಒಂದು ಮಳೆ ಕಂಡಿಲ್ಲ ಸ್ವಾಮಿ," ಎಂದು ದೊಡ್ಡಿ ಎದ್ದು ಸೀರೆ ಕೊಡವಿಕೊಂಡಳು. "ಕಟ್ಟಿ ಟೀಚರಮ್ಮ."

ಚೋಮಿಯ ಎಡಗಾಲನ್ನು ಯಮುನ ಒಂದು ವರ್ಷದ ಮೇಲೆ ಮೊದಲ ಸಲ ಮುಟ್ಟಿದಳು. ಮೂಳೆ ಕೂಡಿದ ಜಾಗದಲ್ಲಿ ಸಣ್ಣ ಗಂಟಿತ್ತು. ಬೆರಳು ಅಲ್ಲಿ ನಿಂತಿತು, ಹುಡುಗಿ ಕಚಗುಳಿಯಾಯಿತೆಂದು ಕಾಲೆಳೆದುಕೊಂಡಳು. ಎಂಟು ಪಟ್ಟಿ, ಎಂಟು ಬಕಲ್ಲು. ಅವಳ ಕೈಗಳಿಗೆ ಈ ಕೆಲಸ ಚೆನ್ನಾಗಿ ಬರುತ್ತಿತ್ತು.

ಪಂದ್ಯದ ಮೊದಲರ್ಧದಲ್ಲಿ ಚೆಂಡು ಗೋಲಿನ ಕಡೆ ಹೆಚ್ಚು ಬರಲಿಲ್ಲ. ಎರಡನೆಯ ಅರ್ಧದಲ್ಲಿ ಬಂತು. ಸೋಮವಾರಪೇಟೆಯವರಿಗೆ ಗೋಲಿಗೆ ನೇರ ಹೊಡೆಯುವ ಅವಕಾಶ, ಶಾರ್ಟ್ ಕಾರ್ನರ್ ಸಿಕ್ಕಿತು. ಹೊಡೆಯಲು ನಿಂತವಳು ಅದೇ ಎತ್ತರದ ಹುಡುಗಿ, ಹೋದ ವರ್ಷ ಹೊಡೆದವಳೇ. ಅವಳ ಮುಖವೂ ಬಿಳಿಚಿತ್ತು. ಪಾಪ, ಇವಳೂ ಒಂದು ವರ್ಷ ನಿದ್ದೆ ಕೆಟ್ಟಿರಬೇಕು, ನನಗದು ಹೊಳೆಯಲೇ ಇಲ್ಲವಲ್ಲ ಎಂದು ಯಮುನ ಅಂದುಕೊಂಡಳು. ಅಂದುಕೊಳ್ಳುವಷ್ಟರಲ್ಲಿ ಹುಡುಗಿ ಕೋಲು ಬೀಸಿದಳು. ಚೆಂಡು ನೆಲ ಬಿಟ್ಟು ಒಂದು ಗೇಣು ಮೇಲೆ, ನೆಟ್ಟಗೆ ಚೋಮಿಯ ಎಡಗಾಲಿಗೆ ಬಂದು ಬಡಿಯಿತು. ಸದ್ದಾಯಿತು. ದಪ್ಪ ಸದ್ದು, ತುಂಬಿದ ಸದ್ದು, ಭತ್ತದ ಮೂಟೆಯನ್ನು ನೆಲಕ್ಕೆ ಹಾಕಿದ ಹಾಗೆ. ಚೋಮಿ ಬಗ್ಗಿ ಕಾಲು ನೋಡಲಿಲ್ಲ, ಟೀಚರ ಕಡೆಯೂ ನೋಡಲಿಲ್ಲ. ಅವಳಿಗೆ ಪುರುಸೊತ್ತಿರಲಿಲ್ಲ. ಕಾಲ ಬುಡದಲ್ಲಿ ಬಿದ್ದ ಚೆಂಡನ್ನು ಅದೇ ಎಡಗಾಲಿನಿಂದ ಒದ್ದು ಪಕ್ಕಕ್ಕೆ ಕಳಿಸಿದಳು. ಅಲ್ಲಿದ್ದ ಅವಳ ಕಡೆಯ ಮುತ್ತಿ ಅದನ್ನು ಕೋಲಿನಲ್ಲಿ ತಳ್ಳಿಕೊಂಡು ಓಡಿದಳು, ಇಡೀ ಮೈದಾನ ಓಡಿದಳು, ಯಾರೂ ಎದುರಿಗಿರಲಿಲ್ಲ, ಎಲ್ಲರೂ ಈಚೆ ದಡದಲ್ಲಿ ಚೋಮಿಯ ಕಾಲನ್ನು ನೋಡುತ್ತಾ ನಿಂತಿದ್ದರು. ಗೋಲು. ಸಾಂತಪ್ಪನವರು ಪೆಂ­ಡಾಲಿನಲ್ಲಿ ಕುಣಿದರು. ಯಮುನ ಮಾತ್ರ ಆ ಸದ್ದನ್ನೇ ಕೇಳುತ್ತಿದ್ದಳು. ಇನ್ನೂ ಆರು ಸಲ ಆ ಸದ್ದು ಬಂತು. ಪ್ರತಿ ಸಲವೂ ಅವಳ ಎದೆಯೊಳಗೆ ಹೋದ ವರ್ಷದ ಕಡ್ಡಿ ಮುರಿಯುವ ಸದ್ದು ಸ್ವಲ್ಪ ಸ್ವಲ್ಪ ಸಣ್ಣದಾಯಿತು. ಒಂದು ಸೊನ್ನೆಯಿಂದ ಗೆದ್ದರು. ಸಂತೋಷವೆಂದರೆ ಇದು, ಹೀಗಿರುತ್ತದೆ, ಹೊಟ್ಟೆಯಿಂದ ಬರುತ್ತದೆ ಎಂದು ಅವಳಿಗೆ ಬೆರಗಾಯಿತು.

ಪಂದ್ಯ ಮುಗಿದ ಮೇಲೆ ಚೋಮಿ ಪ್ಯಾಡು ಬಿಚ್ಚಲು ಒಪ್ಪಲಿಲ್ಲ. ಸಂತೆಯಲ್ಲಿ ಮೆಣಸಿನಕಾಯಿ ಮಾರುವ ಅತ್ತೆಗೆ ತೋರಿಸಬೇಕು ಎಂದಳು. ಕೆಸರು, ಸಗಣಿ, ಕೊಳೆತ ಕೋಸಿನ ಎಲೆ ಎಲ್ಲ ನೆನಪಾಗಿ ಯಮುನ ಬೇಡ ಎನ್ನಲು ಬಾಯಿ ತೆರೆದಳು; "ನಡಿ" ಎಂದಳು. ದೊಡ್ಡಿ ಮುಂದೆ ದಾರಿ ಬಿಡಿಸುತ್ತಾ ಹೋದಳು, ಚೋಮಿ ಕಾಲು ಅಗಲಿಸಿ ಧಪ್ಪ ಧಪ್ಪ ಹೆಜ್ಜೆ ಹಾಕುತ್ತಾ ಬಾಳೆಗೊನೆಗಳ ನಡುವೆ, ಗಡಿಗೆಗಳ ನಡುವೆ, ಬೆಲ್ಲದ ಸಾಲಿನ ಮುಂದೆ ನಡೆದಳು. ಜನ ಏನಿದು, ಯಾವ ವೇಷ ಎಂದು ಕೇಳಿದರು. ಚೋಮಿ ಒಂದೊಂದು ಅಂಗಡಿಯ ಮುಂದೂ ನಿಂತು ಎಡಗಾಲು ಚಾಚಿ, "ಹೊಡೀರಿ, ಹೊಡೆದು ನೋಡಿ" ಎನ್ನುತ್ತಿದ್ದಳು. ಬಳೆಯವನು ಮೆಲ್ಲಗೆ ಗುದ್ದಿದ. ಎಮ್ಮೆ ಮಾರುವ ಗಂಗಣ್ಣ ಚಾವಟಿಯ ಹಿಡಿಯಿಂದ ಬಡಿದು, "ಎಲಾ ಇವಳ!" ಎಂದ. ದೊಡ್ಡಿಯೂ ತೂಕದ ಕಲ್ಲನ್ನೇ ಎತ್ತಿಕೊಂಡು ಕುಟ್ಟಿದಳು. ಪ್ರತಿ ಪೆಟ್ಟಿಗೂ ಹುಡುಗಿ ಕಚಗುಳಿ ಇಟ್ಟ ಹಾಗೆ ನಗುತ್ತಿದ್ದಳು. ಮೆಣಸಿನಕಾಯಿಯ ರಾಶಿಯ ಹತ್ತಿರ ಬಂದು ತಿರುಗಿ ನಿಂತಳು.

"ಟೀಚರ್, ನೀವೊಬ್ರೇ ಹೊಡೀಲಿಲ್ಲ."

ಸುತ್ತ ಸೇರಿದ್ದವರು ದಾರಿ ಬಿಟ್ಟರು. ದೊಡ್ಡಿ ಹಿಂದೆಯೇ ಬಂದಿದ್ದ ಮುತ್ತಿಯ ಕೈಯಿಂದ ಹಾಕಿ ಕೋಲು ತೆಗೆದು ಯಮುನಳ ಕೈಗೆ ಕೊಟ್ಟಳು. ಯಮುನ ಕೋಲಿನ ತುದಿಯಿಂದ ಪ್ಯಾಡನ್ನು ಮುಟ್ಟಿದಳು, ಮುಟ್ಟಿದಳಷ್ಟೆ.

"ಅದೆಂತ ಟೀಚರ್, ನೊಣ ಓಡಿಸಿದ ಹಂಗೆ! ಜೋರಾಗಿ!" ಎಂದಳು ಚೋಮಿ.

ಯಮುನ ಸೆರಗು ಸಿಕ್ಕಿಸಿ, ಎರಡೂ ಕೈಯಲ್ಲಿ ಕೋಲು ಹಿಡಿದು, ಭುಜದ ತನಕ ಎತ್ತಿ ಬೀಸಿ ಹೊಡೆದಳು.